ತಪ್ಪಿಸಿಕೊಂಡ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಷ್ಟು ಸಲ ತಪ್ಪಿಸಿಕೊಂಡವರು ಇಡೀ ಉತ್ತರ ಕನ್ನಡದಲ್ಲಿ ಇನ್ನೊಬ್ಬರಿಲ್ಲ! ತಪ್ಪಿಸಿಕೊಂಡರು ಅಂದರೆ ದಾರಿ ತಪ್ಪಿ ಕಳೆದುಹೋದರು ಅಂತಲೋ, ಯಾರ ಕೈಗೂ ಸಿಗದೆ ಪಾರಾದರು ಅಂತಲೋ? ನನ್ನನ್ನು ಕೇಳಬೇಡಿ. ನಮ್ಮ ಮನೆಯಲ್ಲಿ ಐವತ್ತು ವರ್ಷದಿಂದ ಅದೇ ಗೊಂದಲ.

ಎಪ್ಪತ್ತೊಂದರ ಯುದ್ಧದಲ್ಲಿ ಅವರು ಬಾಂಬರ್ ವಿಮಾನದಲ್ಲಿದ್ದರು. ನಕ್ಷೆ ನೋಡಿ ಪೈಲಟ್ಟಿಗೆ ದಾರಿ ಹೇಳುವುದು ಅವರ ಕೆಲಸ. ಒಂದು ದಿನ ವಿಮಾನಕ್ಕೆ ಗುಂಡು ಬಿತ್ತು. ಚಿಕ್ಕಪ್ಪ ಪ್ಯಾರಾಚೂಟಿನಲ್ಲಿ ಇಳಿದದ್ದು ಶತ್ರುದೇಶದ ಕಬ್ಬಿನ ಗದ್ದೆಗೆ. ಹಗ್ಗ ಬಿಡಿಸಿಕೊಳ್ಳುವ ಮೊದಲೇ ಸಿಕ್ಕಿಬಿದ್ದರು. ಇತ್ತ ಮಾಜಾಳಿಯ ಮನೆಗೆ 'ಮಿಸ್ಸಿಂಗ್' ಅಂತ ತಂತಿ ಬಂತು. ಓದಿದ ಮಾಸ್ತರರು ಮೆಲ್ಲಗೆ, ಮಗ ತಪ್ಪಿಸಿಕೊಂಡಿದ್ದಾನೆ ಎಂದರು. ಮನೆಯಲ್ಲಿ ಕೊಂಕಣಿ ಆಡುವ, ಕನ್ನಡವನ್ನು ಮೀನು ಮಾರಲು ಬೇಕಾದಷ್ಟೇ ಇಟ್ಟುಕೊಂಡಿದ್ದ ನಮ್ಮಜ್ಜಿಗೆ ಅದು ಹೇಗೆ ಕೇಳಿಸಿತು ಗೊತ್ತೆ? ಶತ್ರುವಿನ ಕೈಯಿಂದ ಪಾರಾಗಿದ್ದಾನೆ ಅಂತ! ಕೇರಿಗೆಲ್ಲ ಸಕ್ಕರೆ ಹಂಚಿದರು. ತಿದ್ದುವ ಧೈರ್ಯ ಯಾರಿಗಿತ್ತು? ಮಾಸ್ತರರೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮನೆಗೆ ಹೋದರಂತೆ.

ವರ್ಷ ಕಳೆದು ಕೈದಿಗಳ ಬಿಡುಗಡೆಯಾಗಿ ಚಿಕ್ಕಪ್ಪ ಬಂದಾಗ, ಜೈಲಿನ ಸುದ್ದಿ ಕೇಳಿದ ಅಜ್ಜಿಗೆ ಸಿಟ್ಟೇ ಬಂತು. ನೆರೆಯವರೆದುರು ಮರ್ಯಾದೆಯ ಪ್ರಶ್ನೆಯಲ್ಲವೇ! ಕೊನೆಗೆ ಚಿಕ್ಕಪ್ಪ, "ಹೌದೇ ಆಯಿ, ತಪ್ಪಿಸ್ಕಂಡೇ ಬಂದೆ" ಎಂದು ಒಪ್ಪಿಕೊಂಡ ಮೇಲೆಯೇ ಊಟ ಬಡಿಸಿದ್ದು.

ಈಗ ಚಿಕ್ಕಪ್ಪನ ಸಂಸಾರ ಅಂಕೋಲೆಯಲ್ಲಿ. ಶತ್ರುದೇಶಕ್ಕೆ ದಾರಿ ತೋರಿಸಿದ ಮನುಷ್ಯ ಮೀನುಪೇಟೆಗೆಂದು ಹೋಗಿ, ಯಲ್ಲಾಪುರದ ಬಸ್ಸು ಹತ್ತಿ, ಬಂಗಡೆಯ ಚೀಲದ ಸಮೇತ ಸುಂಕಸಾಳದಲ್ಲಿ ಇಳಿದಿರುತ್ತಾರೆ! ಕೇಳಿದರೆ, ತಾನು ಸರಿಯಾಗೇ ಇದ್ದೆ, ಬಸ್ಸೇ ದಾರಿ ತಪ್ಪಿತು ಅನ್ನುತ್ತಾರೆ. ಚಿಕ್ಕಮ್ಮ ಒಮ್ಮೆ ನನ್ನ ಕಿವಿಯಲ್ಲಿ, "ಇವ್ರು ಬಾಂಬ್ ಹಾಕಿದ್ದು ಯಾವ ದೇಶಕ್ಕೆ ಅಂತ ಸರೀ ಗೊತ್ತಿದ್ಯನಾ?" ಎಂದರು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮೊನ್ನೆ ಬೆಳಿಗ್ಗೆ ಹೊರಟವರು ಮಧ್ಯಾಹ್ನವಾದರೂ ಪತ್ತೆಯಿಲ್ಲ. ಚಿಕ್ಕಮ್ಮ ಅಂಕೋಲೆಯ ಬೀದಿ ಬೀದಿ ಹುಡುಕಿ ಸುಸ್ತಾಗಿದ್ದಾಗ ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟಿನಿಂದ ಫೋನು ಬಂತು. ಚಿಕ್ಕಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಓಡಿದೆ. ಚಿಕ್ಕಪ್ಪ ಬೆಂಚಿನ ಮೇಲೆ ನೆಟ್ಟಗೆ ಕುಳಿತಿದ್ದರು. ಮನೆ ಎಲ್ಲಿ ಎಂದು ಎಷ್ಟು ಕೇಳಿದರೂ ತಮ್ಮ ಹೆಸರು, ಹುದ್ದೆ, ವಾಯುಪಡೆಯ ನಂಬರು, ಇಷ್ಟೇ ಹೇಳುತ್ತಾರಂತೆ; ಕಿಸೆಯ ಮೊಬೈಲು ನೋಡಿ ಪೊಲೀಸರೇ ಫೋನು ಮಾಡಿದ್ದು. ಯುದ್ಧಕೈದಿ ಬಾಯಿಬಿಡಬೇಕಾದದ್ದು ಅಷ್ಟೇ ತಾನೆ! ನನಗೆ ನಗು ತಡೆಯಲಿಲ್ಲ. "ಚಿಕ್ಕಪ್ಪಾ, ಇವ್ರು ನಮ್ಮ ಪೊಲೀಸ್ರೇ. ಹೇಳ್ಬಹುದು" ಎಂದೆ.

ಅವರು ನನ್ನನ್ನೂ ಚಿಕ್ಕಮ್ಮನನ್ನೂ ಹೊಸಬರನ್ನು ನೋಡುವಂತೆ ನೋಡಿದರು. "ಹೇಳ್ಬಾರ್ದು ಅಂತಲ್ಲ. ಉಳಿದದ್ದು ನೆನಪಾಗ್ತಾ ಇಲ್ಲ."

ನನ್ನ ನಗು ಅಲ್ಲೇ ನಿಂತಿತು. ಇಷ್ಟು ದಿನ ನಾವು ನಕ್ಕದ್ದು ಯಾತಕ್ಕೆ ಎಂದು ಆಗ ತಿಳಿಯಿತು. ಚಿಕ್ಕಮ್ಮ ಅವರ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡರು.

"ನಾನು ನಿಮ್ಮ ಹೆಂಡ್ತಿ. ಮನೆ ಅಂಕೋಲೆಲಿ. ಹೋಗ್ವಾ?"

ಚಿಕ್ಕಪ್ಪ ಸಂಕೋಚದಿಂದ, "ನಿಮ್ಗೆ ತ್ರಾಸಾಗುದಿಲ್ವಾ?" ಎಂದು ಕೇಳಿದರು.

ಮದುವೆಯಾದಾಗಿನಿಂದ ಅವರ ಬಾಯಲ್ಲಿ ಏಕವಚನವೊಂದನ್ನೇ ಕೇಳಿದ್ದ ಚಿಕ್ಕಮ್ಮ, ಇಲ್ಲ ಎಂದು ತಲೆಯಾಡಿಸಿ ಅತ್ತುಬಿಟ್ಟರು.