ಸೆಕೆ ಎನ್ನಬಾರದ ಮನೆ

ನಮ್ಮ ಸೋದರಮಾವನ ಮನೆಯಲ್ಲಿ ನೀವು ಏನು ಬೇಕಾದರೂ ಅನ್ನಬಹುದು. ಸಾರಿಗೆ ಉಪ್ಪು ಹೆಚ್ಚಾಯಿತು ಅನ್ನಬಹುದು, ಮಾವನ ಮೀಸೆ ಒಂದು ಕಡೆಗೆ ವಾಲಿದೆ ಅನ್ನಬಹುದು, ಅವರು ಓಟು ಹಾಕಿದ ಅಭ್ಯರ್ಥಿ ಠೇವಣಿ ಕಳೆದುಕೊಳ್ಳುತ್ತಾನೆ ಅಂತಲೂ ಅನ್ನಬಹುದು. ನಕ್ಕು ಇನ್ನೊಂದು ಲೋಟ ಕಾಫಿ ಕೊಡಿಸುತ್ತಾರೆ. ಆದರೆ ‘ಸೆಕೆ’ ಎನ್ನುವ ಎರಡಕ್ಷರ ಮಾತ್ರ ಬಾಯಿಂದ ಬರಕೂಡದು! ಬಂತೋ, ಕಾಫಿಯೂ ಇಲ್ಲ, ಮುಂದಿನ ಮುಕ್ಕಾಲು ಗಂಟೆ ನಿಮ್ಮದೂ ಅಲ್ಲ.

“ಸೆಕೇನಾ? ಆಸನದಲ್ಲಾ? ಬಡವರ ಊಟಿ ಕಣವ್ವಾ ಇದು! ನಮ್ಮಪ್ಪನ ಕಾಲದಲ್ಲಿ ಯುಗಾದಿ ದಿನ ಎಣ್ಣೆ ನೀರು ಹಾಕ್ಕಂಡು ಕಂಬಳಿ ಒದ್ಕಂಡು ಕೂತ್ಕತಿದ್ರು!”

ಹಾಸನ ಅವರ ಬಾಯಲ್ಲಿ ಆಸನವೇ. ಅದರ ಮೇಲೆ ತಾವೇ ಕೂತಿದ್ದೇನೆಂಬ ಗತ್ತು ಬೇರೆ. ಮಾವನಿಗೆ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕಂಬಳಿ, ಶಾಲುಗಳ ಅಂಗಡಿ ಇದೆ. ‘ಕಂಬಳಿ ಮಾರುವವನು ಸೆಕೆ ಅಂದರೆ ವ್ಯಾಪಾರ ಉಳಿದೀತಾ?’ ಎಂದು ನಮ್ಮಪ್ಪ ನಗುತ್ತಿದ್ದರು. ನಾವೂ ಹಾಗೆಯೇ ತಿಳಿದುಕೊಂಡಿದ್ದೆವು.

ಈ ಹುಚ್ಚು ಇವತ್ತಿನದಲ್ಲ. ಮದುವೆಯಾದ ಹೊಸತರಲ್ಲಿ ಮಾವ ಮನೆ ಕಟ್ಟಿಸಿದಾಗ, ತಾರಸಿಗೆ ಮೋಲ್ಡ್ ಹಾಕುವ ದಿನ ಮೇಸ್ತ್ರಿ, “ಫ್ಯಾನಿಗೆ ಎಲ್ಲೆಲ್ಲಿ ಕೊಕ್ಕೆ ಬುಡ್ಲಿ ಸಾ?” ಎಂದು ಕೇಳಿದನಂತೆ. “ಫ್ಯಾನು ಯಾತಕ್ಕಯ್ಯಾ? ಗಾಳಿಗೇ ಗಾಳಿ ಹಾಕಕ್ಕಾ?” ಎಂದು ಮಾವ ಅವನನ್ನೇ ಬೈದರಂತೆ. ಹಾಗಾಗಿ ಆ ಮನೆಯ ಯಾವ ಕೋಣೆಯ ಚಾವಣಿಯಲ್ಲೂ ಕೊಕ್ಕೆ ಇಲ್ಲ. ನಡುಮನೆಯಲ್ಲಿ ಮಾತ್ರ ಹೆಬ್ಬೆರಳು ದಪ್ಪದ್ದೊಂದು ಇದೆ. ಅದಕ್ಕೂ ಏನನ್ನೂ ತಗುಲಿಹಾಕಿರಲಿಲ್ಲ. ಬಂದವರು ತಲೆಯೆತ್ತಿ, “ಅದಕ್ಕೆ ಒಂದು ಫ್ಯಾನ್ ಹಾಕಿಸಬಾರದಾ?” ಎಂದರೆ ಸಾಕು, ಬಡವರ ಊಟಿಯ ಪುರಾಣ ಶುರು! ಪುರಾಣ ಮುಗಿಯುವ ಹೊತ್ತಿಗೆ ಕೇಳಿದವರಿಗೆ ಕೊಕ್ಕೆಯೂ ಮರೆತು, ತಮ್ಮ ಊರಿನ ಬಸ್ಸೂ ತಪ್ಪಿಹೋಗಿರುತ್ತಿತ್ತು.

ಇಂಥ ಮನುಷ್ಯನ ಪರೀಕ್ಷೆಗೆಂದೇ ಬಂದಂತಿತ್ತು ಈಚಿನ ಆ ಬೇಸಿಗೆ. ಶಿವರಾತ್ರಿಗೆ ಶಿವಶಿವಾ ಎಂದು ಓಡಿದ ಚಳಿ ತಿರುಗಿಯೂ ನೋಡಲಿಲ್ಲ. ವಾರ ಕಳೆದು ವಾರ ಬಂದರೂ ಒಂದು ಮೋಡವಿಲ್ಲ, ಒಂದು ಹನಿ ಇಲ್ಲ. ನಾನು ಟೀಚರಾಗಿರುವ ಹೊಳೆನರಸೀಪುರದಲ್ಲಂತೂ ಪಕ್ಕದಲ್ಲೇ ಹೊಳೆಯಿದ್ದರೂ ನಲ್ಲಿಯ ನೀರಿಗೆ ಹಾಗೇ ಕಾಫಿಪುಡಿ ಹಾಕಬಹುದಿತ್ತು. ಶಾಲೆಗೆ ರಜೆ ಸಿಕ್ಕಿದ್ದೇ ತಡ, ಹಾಸನವಾದರೂ ತಂಪಾಗಿರಬಹುದು ಎಂದು ಮಾವನ ಮನೆಗೆ ಬಂದೆ. ಮಾವನ ಮಾತನ್ನು ನಂಬಿ ಕೆಟ್ಟವರಲ್ಲಿ ನಾನೇ ಮೊದಲಿಗಳಲ್ಲ ಬಿಡಿ!

ಬಾಗಿಲಲ್ಲೇ ಮಾವ ನಿಂತಿದ್ದರು. ಏಪ್ರಿಲ್ ತಿಂಗಳು, ಕತ್ತಿಗೆ ಮಫ್ಲರ್! ನಾನು ಫೋನು ತೆಗೆದು ತೋರಿಸಿದೆ. “ಮಾವ, ನೋಡಿ, ಇವತ್ತು ಹಾಸನದಲ್ಲಿ ಎಷ್ಟು ಬಿಸಿಲು ತೋರಿಸ್ತಿದೆ!”

“ಅದು ಫೋನಿನ ಬಿಸಿ ಕಣವ್ವಾ. ಬೆಳಗ್ಗಿಂದ ಕೈಯಲ್ಲಿಟ್ಕಂಡು ಉಜ್ತಾ ಇದ್ರೆ ಕಾಯದೆ ಏನಾದದು?”

“ಆಚೆ ಬೆಂಕಿ ಹಾಗೆ ಸುಡ್ತಿದೆಯಲ್ಲ, ಅದು?”

“ಅದಾ? ಅದು ನಮ್ಮೂರದಲ್ಲ. ಚನ್ನರಾಯಪಟ್ಟಣದ ಕಡೆಯಿಂದ ಬಸ್ಸು ಬತ್ತವಲ್ಲ, ಅದ್ರೊಳಗೆ ಬತ್ತದೆ. ಬಾಗ್ಲು ತೆಗೆದೇಟ್ಗೆ ಇಳ್ಕಂಬುಡ್ತದೆ!”

ಊರಾಚೆ ಬೂವನಹಳ್ಳಿಯಲ್ಲಿ ಕಟ್ಟುತ್ತಿರುವ ನಿಲ್ದಾಣಕ್ಕೆ ವಿಮಾನ ಬಂದುಬಿಟ್ಟರೆ ಇನ್ನೂ ಎಲ್ಲೆಲ್ಲಿಯ ಬಿಸಿಲು ಬಂದು ಇಳಿಯುವುದೋ ಎಂಬ ಚಿಂತೆಯೂ ಅವರಿಗಿತ್ತು.

ಆದರೆ ಎರಡು ದಿನ ಇದ್ದಮೇಲೆ ನನಗೆ ಒಂದು ಸಂಗತಿ ಗೊತ್ತಾಯಿತು. ಸೆಕೆಯೇ ಇಲ್ಲ ಎನ್ನುವ ಈ ಮಹಾಶಯರಷ್ಟು ನಾಜೂಕಾಗಿ ಸೆಕೆಯಿಂದ ತಪ್ಪಿಸಿಕೊಂಡವರು ಇಡೀ ಜಿಲ್ಲೆಯಲ್ಲೇ ಇರಲಿಲ್ಲ! ಸಂಜೆಯಾದರೆ ತಾರಸಿಯ ಮೇಲೆ ಹತ್ತಾರು ಬಕೆಟ್ ನೀರು ಸುರಿಯುತ್ತಿದ್ದರು. ಕೇಳಿದರೆ, ‘ಕಾಗೆ ಗಲೀಜು ಮಾಡವೆ, ತೊಳೀತಾ ಇವ್ನಿ.’ ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು ಇಳಿಬಿಟ್ಟಿದ್ದರು. ಕೇಳಿದರೆ, ‘ಒಗೆದು ಒಣಗಾಕಿವ್ನಿ.’ ಅವೇ ನಾಲ್ಕು ತಾಟುಗಳನ್ನು ದಿನಕ್ಕೆ ಮೂರು ಸಲ ಒಗೆಯುವಷ್ಟು ಮಡಿವಂತರು ಯಾರಿದ್ದಾರೆ, ಹೇಳಿ? ಅಂಗಡಿಯನ್ನು ಹನ್ನೆರಡಕ್ಕೆ ಮುಚ್ಚಿದರೆ ತೆರೆಯುತ್ತಿದ್ದುದು ನಾಲ್ಕು ದಾಟಿದ ಮೇಲೆ. ‘ಊಟದ ವಿರಾಮ’ ಎಂದು ಬೋರ್ಡು.

“ಊಟಕ್ಕೆ ನಾಲ್ಕು ಗಂಟೆ ಬೇಕಾ ಮಾವ?”

“ನಾನು ಅಗಿದು ತಿನ್ನೋನು ಕಣವ್ವಾ.”

ಅಂಗಡಿಯ ಬಾಗಿಲಲ್ಲಿ ಒಂದು ಮಡಕೆ ತುಂಬ ನೀರು ಮಜ್ಜಿಗೆ ಇಟ್ಟಿದ್ದರು. ಒಂದು ಬೆಳಗ್ಗೆ ನಾನು ಅಲ್ಲಿ ಕೂತಿದ್ದಾಗ ದೊಡ್ಡಗದ್ದವಳ್ಳಿ ಕಡೆಯ ರೈತನೊಬ್ಬ ಬಂದು, “ಕೊಡೆ ಅದಾ ಸಾ?” ಎಂದ.

“ಯಾಕಪ್ಪಾ, ಮಳೆ ಬರೋ ಅಂಗದಾ?”

“ಮಳೆ ಎಲ್ಲಿ ಬಂತು ಸಾ, ಬಿಸ್ಲಿಗೆ.”

“ಬಿಸ್ಲಾ? ಎಲ್ಲದೆ?” ಎಂದರು ಮಾವ, ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಳ್ಳುತ್ತ.

ಆತ ಮಾವನ ಮುಖವನ್ನೊಮ್ಮೆ, ಮಫ್ಲರನ್ನೊಮ್ಮೆ ನೋಡಿ ನನ್ನ ಹತ್ತಿರ ಬಗ್ಗಿದ. “ಯಜಮಾನ್ರಿಗೆ ಚಳಿಜ್ವರ ಅಂತ ಕಾಣ್ತದೆ ಕಣವ್ವಾ. ಆಟೋ ತರ್ಲಾ?” ಎಂದು ಪಿಸುಗುಟ್ಟಿದ. ಕೊನೆಗೆ ಏನೂ ಕೊಳ್ಳದೆ ಮೂರು ಲೋಟ ಮಜ್ಜಿಗೆ ಕುಡಿದು, ಮಾವನಿಗೆ ದೇವರು ಒಳ್ಳೆಯದು ಮಾಡಲಿ ಎಂದು ಹರಸಿ ಹೋದ.

ನಾನು ಬರುವಾಗ ಅತ್ತೆಗೆಂದು ಒಂದು ಟೇಬಲ್ ಫ್ಯಾನು ಹೊತ್ತು ತಂದಿದ್ದೆ. ಮಾವ ಅದನ್ನು ಅತಿಥಿಯಂತೆ ಬರಮಾಡಿಕೊಂಡರು, ಕುರ್ಚಿಯ ಮೇಲೆ ಕೂರಿಸಿದರು. ಮಾರನೆಯ ದಿನ ನೋಡಿದರೆ ಫ್ಯಾನೇ ಇಲ್ಲ! ಪಕ್ಕದ ಮನೆಗೆ ಬಾಣಂತಿ ಬಂದಿದ್ದಳು, ಅವಳ ಮಗುವಿಗೆ ಕೊಟ್ಟು ಬಂದಿದ್ದರು.

“ಹಾಸನದಲ್ಲಿ ಅದು ಇಲ್ಲವೇ ಇಲ್ಲ ಅಂದಿರಲ್ಲ ಮಾವ? ಮತ್ತೆ ಮಗುವಿಗೆ ಫ್ಯಾನ್ ಯಾಕೆ?”

“ಆ ಮಗ ಉಟ್ಟಿರೋದು ಅರಕಲಗೂಡಲ್ಲಿ ಕಣವ್ವಾ,” ಎಂದರು ಮಾವ. “ಆಸನದ ತಂಪು ಅದ್ಕೆ ಒಗ್ಗೋಗಂಟ ಇರ್ಲಿ.”

ಅತ್ತೆ ಇದಕ್ಕೆಲ್ಲ ಒಳಗೊಳಗೇ ನಗುತ್ತಿದ್ದರು. ಮಾವನ ತಿಕ್ಕಲಿಗೆ ಎಲ್ಲರೂ ಮರುಗುತ್ತಿದ್ದುದು ಅತ್ತೆಯ ಬಗ್ಗೆ. ‘ಪಾಪ, ಇಂಥವನನ್ನು ಕಟ್ಟಿಕೊಂಡು ಒಂದು ಫ್ಯಾನಿನ ಸುಖವೂ ಇಲ್ಲ’ ಎಂದು ನಮ್ಮಮ್ಮ ತಮ್ಮ ಸ್ವಂತ ಅಣ್ಣನನ್ನೇ ಬೈಯುತ್ತಿದ್ದರು. ನಾನೂ ಬೈದಿದ್ದೇನೆ.

ಬಿಸಿಲು ಇಳಿಯಲಿಲ್ಲ, ಏರುತ್ತಲೇ ಹೋಯಿತು. ಒಂದು ದಿನ ಅತ್ತೆ ಅರಳು ಸಂಡಿಗೆ ಇಟ್ಟರು. ಮಾವ ಅಂಗಡಿಗೆ ಹೊರಡುವಾಗ, “ತಾರಸಿಗೆ ಓಗ್ಬ್ಯಾಡ, ನಾನು ಬಂದು ತಿರುವಾಕ್ತೀನಿ,” ಎಂದು ಮೂರು ಸಲ ಹೇಳಿದ್ದರು. ಸಂಡಿಗೆ ಇಟ್ಟ ಹೆಂಗಸು ಅದನ್ನು ತಿರುವಿಹಾಕಲು ಗಂಡನನ್ನು ಕಾಯುತ್ತಾಳೆಯೇ? ನಾನು ಸ್ನಾನಕ್ಕೆ ಹೋದಾಗ ಅತ್ತೆ ಮೇಲೆ ಹತ್ತಿದ್ದಾರೆ. ನಾನು ಬಂದು ಹುಡುಕಿ ತಾರಸಿಗೆ ಹೋದರೆ, ಸಂಡಿಗೆಯ ಪಕ್ಕದಲ್ಲಿ ಕುಸಿದು ಕೂತಿದ್ದರು. ಮೈ ಕಾದ ಹಂಚು. ಒಂದು ಹನಿ ಬೆವರಿಲ್ಲ. ಏನೋ ಮಾತಾಡುತ್ತಿದ್ದರು, ಒಂದಕ್ಕೊಂದು ಕೂಡುತ್ತಿರಲಿಲ್ಲ. ನಾನು ಕೂಗಿಕೊಂಡೆ.

ಆಗತಾನೇ ‘ಊಟದ ವಿರಾಮ’ಕ್ಕೆ ಬಂದಿದ್ದ ಮಾವ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. ಇಬ್ಬರೂ ಸೇರಿ ಅತ್ತೆಯನ್ನು ಮೆಟ್ಟಿಲಿನ ನೆರಳಿಗೆ ತಂದೆವು. ಮಾವ ಸರ್ರನೆ ಕತ್ತಿನ ಮಫ್ಲರ್ ಬಿಚ್ಚಿ ಅತ್ತೆಯ ತಲೆ, ಕತ್ತಿಗೆ ಸುತ್ತಿದರು. ಅದರಿಂದ ನೀರು ತೊಟ್ಟಿಕ್ಕಿತು! ಮಫ್ಲರ್ ಒದ್ದೆ! ಬೇಸಿಗೆಯುದ್ದಕ್ಕೂ ನಾವು ಚಳಿಗೆ ಸುತ್ತಿಕೊಂಡಿದ್ದಾರೆ ಎಂದು ನಕ್ಕಿದ್ದ ಮಫ್ಲರನ್ನು ಮಾವ ಗಂಟೆಗೊಮ್ಮೆ ನೀರಲ್ಲಿ ಅದ್ದಿಕೊಂಡು ತಿರುಗುತ್ತಿದ್ದರು. “ನೀರು ತತ್ತಾ, ಮೈ ಮೇಲೆ ಉಯ್ಯಿ, ಬಾಯಿಗಾಕ್ಬ್ಯಾಡ, ಅರಿವಿಲ್ಲ ಅವ್ಳಿಗೆ. ಪಕ್ಕದ ಮನೆಯೋರ್ಗೆ ಆಟೋ ತರಾಕೇಳು,” ಎಂದು ನನಗೆ ಹೇಳುತ್ತ, ಸಂಡಿಗೆಯ ತಟ್ಟೆಯಿಂದಲೇ ಗಾಳಿ ಬೀಸತೊಡಗಿದರು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಒಂದೆರಡು ಗಂಟೆಯ ಮೇಲೆ ಅತ್ತೆ ನನ್ನ ಹೆಸರು ಹಿಡಿದು ಕರೆದರು, ಸಂಡಿಗೆಯನ್ನು ಕಾಗೆ ತಿಂದವೇನೋ ಎಂದು ಕೇಳಿದರು. ಹೋದ ಜೀವ ಬಂತು. ಡಾಕ್ಟರಮ್ಮ, “ಹೊತ್ತಿಗೆ ಸರಿಯಾಗಿ ತಂಪು ಮಾಡಿ ಕರೆತಂದಿದ್ದೀರಿ. ಇನ್ನು ಹಗಲು ಹೊತ್ತು ಹೊರಗೆ ಬಿಡಬೇಡಿ. ಆಗಾಗ ನೀರು, ಮಜ್ಜಿಗೆ ಕೊಡಿ. ಮನೆಯಲ್ಲಿ ಫ್ಯಾನ್ ಇದೆ ತಾನೇ?” ಎಂದರು.

ನಾನು ಮಾವನ ಕಡೆ ನೋಡಿದೆ. ಪುರಾಣ ಶುರುವಾಗಲಿಲ್ಲ. “ಇಲ್ಲ ಕಣವ್ವಾ,” ಎಂದರು, ಅಷ್ಟೇ.

ಹೊರಗೆ ಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ. “ಒಂದು ಫ್ಯಾನ್ ಹಾಕಿಸಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು ಮಾವ? ಕೊಕ್ಕೆಯಂತೂ ಇದ್ದೇ ಇತ್ತಲ್ಲ!”

ಮಾವ ಒದ್ದೆ ಮಫ್ಲರನ್ನು ಹಿಂಡಿದರು.

“ಅದು ತೊಟ್ಟಿಲು ಕೊಕ್ಕೆ ಕಣವ್ವಾ. ಮಲ್ಲಿಪಟ್ಟಣದಲ್ಲಿ ನಿಮ್ಮತ್ತೆಯೋರಪ್ಪ ಅಲಸಿನ ಮರದಲ್ಲಿ ತೊಟ್ಟಿಲು ಮಾಡ್ಸಿಟ್ಟಿದ್ರು. ನಾನು ಆಸೆ ಪಟ್ಟು ಕೊಕ್ಕೆ ಬುಡ್ಸ್ದೆ. ಮಕ್ಕಳಾಗ್ಲಿಲ್ಲ. ಬಂದೋರೆಲ್ಲ ತಲೆ ಎತ್ತೋರು, ಅದ್ಯಾಕೆ ಖಾಲಿ ಅದೆ ಅನ್ನೋರು. ನಿಮ್ಮತ್ತೆ ಎದ್ದು ಒಳೀಕೆ ಓಗ್ಬುಡೋಳು. ತೊಟ್ಟಿಲು ಕೊಕ್ಕೆಗೆ ಫ್ಯಾನ್ ಹಾಕಕ್ಕೆ ಮನ್ಸು ಬರ್ಲಿಲ್ಲ, ಅದ್ಕೇ ಅವತ್ತು ಮೇಸ್ತ್ರಿಗೆ ಅಂದಿದ್ದನ್ನೇ ಬೆಳೆಸಿ ಊಟಿ ಕತೆ ಕಟ್ದೆ. ನನ್ನ ನೋಡ್ಕಂಡು ನಗ್ಲಿ ಬುಡು, ಅವಳನ್ನ ಕೇಳ್ದೆ ಇದ್ರೆ ಸಾಕು ಅಂತ.”

ಇಷ್ಟು ವರ್ಷ ಆ ನಗುವಿನಲ್ಲಿ ನನ್ನ ಪಾಲೂ ಇತ್ತು. ನಾಚಿಕೆಯಾಯಿತು.

ಮಾರನೆಯ ದಿನ ಅತ್ತೆಯನ್ನು ಮನೆಗೆ ಕರೆತಂದೆವು. ಊರಿನ ಅಂಗಡಿಗಳಲ್ಲಿ ಟೇಬಲ್ ಫ್ಯಾನೆಲ್ಲ ಖಾಲಿ. ಪಕ್ಕದ ಮನೆಯವರು ತಂದುಕೊಟ್ಟ ಫ್ಯಾನನ್ನು ಮಗುವಿಗೇ ಇರಲಿ ಎಂದು ಅತ್ತೆಯೇ ತಿರುಗಿ ಕಳಿಸಿದರು. ಸಿಕ್ಕಿದ್ದು ಚಾವಣಿಗೆ ಹಾಕುವ ಫ್ಯಾನು. ಮಾವ ಅದನ್ನು ತಂದು, ಎಲೆಕ್ಟ್ರಿಷಿಯನ್‌ಗೆ ಮಲಗುವ ಕೋಣೆಯಲ್ಲಿ ತೂತು ಕೊರೆಯಲು ಹೇಳುತ್ತಿದ್ದರು. ನಡುಮನೆಯಲ್ಲಿ ಗೋಡೆಗೆ ಒರಗಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ, “ಇರೋ ಕೊಕ್ಕೆ ಬುಟ್ಟು ತೂತ್ಯಾಕೆ? ಇಲ್ಲೇ ಹಾಕಪ್ಪಾ,” ಎಂದರು. ಮಾವ ಏಣಿಯನ್ನು ನಡುಮನೆಗೆ ತಂದಿಟ್ಟರು.

ಆತ ಏಣಿ ಹತ್ತಿ ಕೊಕ್ಕೆಯನ್ನು ಎಳೆದು ನೋಡಿದ. “ಒಳ್ಳೆ ಗಟ್ಟಿಯಾಗದೆ ಸಾ! ಇಷ್ಟು ವರ್ಸ ಇದ್ಕೆ ಏನೂ ಹಾಕಿಲ್ವಾ? ಯಾತಕ್ಕೆ ಮಾಡ್ಸಿದ್ರಿ?”

ಮಾವ ಗಂಟಲು ಸರಿಮಾಡಿಕೊಂಡರು. “ಅದೇನಪ್ಪಾ ಅಂದ್ರೆ, ಇದು ಬಡವರ ಊಟಿ, ಇಲ್ಲಿ…”

“ತೊಟ್ಟಿಲಿಗೆ ಮಾಡ್ಸಿದ್ದು ಕಣಪ್ಪಾ,” ಎಂದರು ಅತ್ತೆ. ಸೊಪ್ಪು ಬಿಡಿಸುವ ಕೈ ನಿಲ್ಲಲಿಲ್ಲ. “ನಮಗೆ ಮಕ್ಕಳಾಗ್ಲಿಲ್ಲ. ತೊಟ್ಟಿಲು ಚನ್ನರಾಯಪಟ್ಟಣ, ಅರಕಲಗೂಡು ಎಲ್ಲಾ ಸುತ್ಕಂಡು ನೆಂಟರ ಮಕ್ಕಳ್ನೆಲ್ಲ ತೂಗ್ತು. ಇವ್ಳೂ ಒಳೆನರಸೀಪುರದಲ್ಲಿ ಅದ್ರಲ್ಲೇ ಮಲ್ಗಿ ಬೆಳೆದೋಳು. ನೀನು ಫ್ಯಾನ್ ತಗುಲಾಕು.”

ನನಗೆ ಇದು ಗೊತ್ತೇ ಇರಲಿಲ್ಲ. ನಾನು ಹೋಗಿ ಅತ್ತೆಯ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸತೊಡಗಿದೆ.

ಫ್ಯಾನು ತಿರುಗಿತು. ಅತ್ತೆ ಒಮ್ಮೆ ತಲೆಯೆತ್ತಿ ನೋಡಿ, ಸೆರಗು ಸಡಿಲಿಸಿ ಕಣ್ಣು ಮುಚ್ಚಿಕೊಂಡರು. ಮಾವ ಒಳಗೆ ಹೋಗಿ ಒಂದು ಶಾಲು ತಂದು, ಅವರ ಕಾಲಿಗೆ ಹೊದಿಸಲು ಬಗ್ಗಿದರು.

“ತೆಗೀರಿ ಅದ್ನ,” ಎಂದು ಅತ್ತೆ ಕಾಲು ಒದರಿದರು. “ಸೆಕೆ!”

ಆ ಮನೆಯಲ್ಲಿ ಅನ್ನಬಾರದ ಮಾತು! ನಾನು ಮಾವನ ಮುಖ ನೋಡಿದೆ. ಅವರು ಶಾಲನ್ನು ನಿಧಾನವಾಗಿ ಮಡಿಸಿಟ್ಟು, ಅತ್ತೆಯ ಪಕ್ಕದಲ್ಲಿ ಫ್ಯಾನಿನ ಕೆಳಗೆ ಕೂತು, ಕತ್ತಿನ ಮಫ್ಲರ್ ಬಿಚ್ಚಿದರು.

“ಊಂ ಕಣೆ,” ಎಂದರು. “ಸೆಕೆ.”