ಪುಸ್ತಕಹುಳು ಎರಡು ಮತ್ತು ಹದ್ದುಕಣ್ಣು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಕಳೆಯುವ ಚಿಹ್ನೆ. ಇರುವೆಯ ಕಾಲಿನಷ್ಟು ಉದ್ದದ ಗೆರೆ.

ಪುಸ್ತಕ ವಾಪಸು ಕೊಡುವ ಕೊನೆಯ ದಿನ ಭಾನುವಾರ ಬಿದ್ದರೆ ಸೋಮವಾರ ಕೊಡಬಹುದು ಎಂಬುದು ಆ ಗ್ರಂಥಾಲಯದ ನಿಯಮ. ಕಂಪ್ಯೂಟರಿನಲ್ಲಿದ್ದ ತಂತ್ರಾಂಶ ಮಾತ್ರ ಒಂದು ದಿನ ಕೂಡುವ ಬದಲು ಕಳೆದು, ಶನಿವಾರವೇ ಕೊಡಬೇಕಿತ್ತು ಎಂದು ತೀರ್ಪು ಕೊಡುತ್ತಿತ್ತು. ಸೋಮವಾರ ಬಂದ ಪ್ರಾಮಾಣಿಕರೆಲ್ಲ ಅದರ ಕಣ್ಣಿಗೆ ಅಪರಾಧಿಗಳು. ಅಂಥವರ ಫೋನಿಗೆ ಇವತ್ತು ಸಂಜೆ ಐದಕ್ಕೆ ತಾನಾಗಿಯೇ ಒಂದು ಸಂದೇಶ ಹೋಗಲಿತ್ತು: 'ನಿಮ್ಮ ಸದಸ್ಯತ್ವ ಮೂರು ತಿಂಗಳು ರದ್ದು.'

ಪಟ್ಟಿಯಲ್ಲಿ ಅರವತ್ತೆರಡು ಹೆಸರು. ಅರವತ್ತೊಂದನ್ನು ಕ್ಯಾಟಲಾಗ್ ಗುಮಾಸ್ತ ಹೇಗೋ ಸಹಿಸಿಕೊಳ್ಳುತ್ತಿದ್ದ. ಅರವತ್ತೆರಡನೆಯದು ಅವನ ಅತ್ತೆಯವರದು.

ಅತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಜೀವಮಾನದಲ್ಲಿ ಒಂದು ನಿಮಿಷ ತಡ ಮಾಡಿದವರಲ್ಲ, ತಡ ಮಾಡಿದವರನ್ನು ಬಿಟ್ಟವರೂ ಅಲ್ಲ. ಮಗಳ ಮನೆಗೆ ಬಂದು ಆರು ಸಂಪುಟಗಳ ಒಂದು ಕಾದಂಬರಿ ಹಿಡಿದಿದ್ದರು. ಐದನೆಯದನ್ನು ಅಳಿಯನ ಕೈಯಲ್ಲೇ ವಾಪಸು ಕಳಿಸಿದ್ದರು, ಸೋಮವಾರ. ಆರನೆಯದರಲ್ಲಿ ಕೊಲೆಗಾರ ಯಾರೆಂದು ಗೊತ್ತಾಗಬೇಕಿತ್ತು. ಅದು ಸಿಗದಿದ್ದರೆ ಮೂರು ತಿಂಗಳು ಆ ಮನೆಯಲ್ಲಿ ಅವರಿಗೆ ಓದುವುದಕ್ಕೆ ಉಳಿಯುವುದು ಅಳಿಯನೊಬ್ಬನೇ.

"ಸರ್, ಪಟ್ಟೀಲಿ ಏನೋ ತಪ್ಪಿದೆ ಅನ್ಸತ್ತೆ," ಎಂದು ಬೆಳಿಗ್ಗೆಯೇ ಅವನು ಗಾಜಿನ ಕೋಣೆಯೊಳಗೆ ತಲೆ ಹಾಕಿ ಹೇಳಿದ್ದ.

ಮುಖ್ಯ ಗ್ರಂಥಪಾಲಕರು ಹತ್ತಿಯಂಥ ಮನುಷ್ಯ. ಜೋರಾಗಿ ಸೀನಿದರೆ ಪುಸ್ತಕಗಳಿಗೆ ಬೇಜಾರಾದೀತು ಎಂದು ಹೊರಗೆ ಹೋಗಿ ಸೀನುವವರು. "ತಂತ್ರಾಂಶ ತಪ್ಪು ಮಾಡಲ್ಲಪ್ಪ," ಎಂದು ನಕ್ಕರು. "ಅದನ್ನ ಸಿಬ್ಬಂದಿ ಮುಟ್ಟೋ ಹಾಗೂ ಇಲ್ಲ. ಅದನ್ನ ನೋಡ್ಕೊಳ್ಳೋಕೆ ಅದರದೇ ಬಳಗ ಇದೆ." ಮತ್ತೆ ತಮ್ಮ ಕೀಲಿಮಣೆಗೆ ತಿರುಗಿದರು. ವರ್ಷವಿಡೀ ಅವರು ವಾರ್ಷಿಕ ವರದಿ ಬರೆಯುತ್ತಿದ್ದರು.

ಬಳಗ ಇದ್ದದ್ದು ನಿಜ. ಯಾರು ಬೇಕಾದರೂ ತೆರೆದು ನೋಡಬಹುದಾದ, ತಿದ್ದಿ ಕಳಿಸಬಹುದಾದ ತಂತ್ರಾಂಶ ಅದು. ಬಳಗದ ಪುಟದ ನೆತ್ತಿಯ ಮೇಲೆ 'ಹೊಸಬರಿಗೆ ಹೃತ್ಪೂರ್ವಕ ಸ್ವಾಗತ' ಎಂದು ಹೂಬಳ್ಳಿ ಸಮೇತ ಬರೆದಿತ್ತು. ಗುಮಾಸ್ತ ಗುಟ್ಟಾಗಿ ಒಂದು ಖಾತೆ ತೆರೆದ. 'ಪುಸ್ತಕಹುಳು' ಎಂಬ ಹೆಸರನ್ನು ಆಗಲೇ ಯಾರೋ ಹಿಡಿದಿದ್ದರಿಂದ 'ಪುಸ್ತಕಹುಳು ಎರಡು' ಆದ. ಕಳೆಯುವ ಚಿಹ್ನೆ ತೆಗೆದು ಕೂಡುವ ಚಿಹ್ನೆ ಹಾಕಿ, ನಮಸ್ಕಾರದೊಂದಿಗೆ ಕಳಿಸಿದ. ಒಪ್ಪಿಗೆ ಸಿಕ್ಕರೆ ಐದು ನಿಮಿಷದಲ್ಲಿ ತಿದ್ದಿದ ಪ್ರತಿ ಎಲ್ಲ ಗ್ರಂಥಾಲಯಗಳಿಗೂ ಬಂದು ಕೂರುತ್ತಿತ್ತು.

ಒಪ್ಪಿಗೆ ಕೊಡುವ ಕಾವಲುಗಾರನ ಹೆಸರು 'ಹದ್ದುಕಣ್ಣು'. ಉತ್ತರ ತಕ್ಷಣವೇ ಬಂತು.

'ಯಾರು ನೀನು?'

ಗುಮಾಸ್ತ ಸುತ್ತಮುತ್ತ ನೋಡಿ, 'ಒಬ್ಬ ಹೊಸಬ, ಸರ್' ಎಂದು ಬರೆದ.

'ಖಾತೆ ತೆರೆದು ಹನ್ನೊಂದು ನಿಮಿಷ ಆಗಿದೆ. ಹನ್ನೊಂದು ನಿಮಿಷದಲ್ಲಿ ತಪ್ಪು ಹುಡುಕಿದೆಯಾ?'

'ಇಲ್ಲ ಸರ್, ಮೂರು ವಾರದಿಂದ ಹುಡುಕುತ್ತಿದ್ದೆ.'

'ಮೂರು ವಾರದಿಂದ ಕದ್ದು ಓದುತ್ತಿದ್ದೆಯಾ? ಯಾಕೆ? ಪುಸ್ತಕಹುಳು ಎರಡು ಅಂದರೆ ಒಂದನೆಯವನು ಎಲ್ಲಿ?'

ನಿಯಮಾವಳಿ ಓದಿ ಬರಲು ಅಪ್ಪಣೆಯಾಯಿತು. ನಲವತ್ತೊಂದು ಪುಟ ಓದಿ ಬಂದ. ತಲೆಬರಹ ಉದ್ದವಾಯಿತು ಎಂದು ವಾಪಸು ಬಂತು. ಮೊಟಕು ಮಾಡಿದ. ಮೊಟಕು ಮಾಡಿದ್ದಕ್ಕೆ ವಿವರಣೆ ಸಾಲದು ಎಂದು ವಾಪಸು ಬಂತು. ವಿವರಿಸಿದ. ಕೊನೆಗೆ ಹದ್ದುಕಣ್ಣು ಬರೆದ: 'ಬರೀ ಒಂದು ಚಿಹ್ನೆ ಬದಲಾಯಿಸಲು ಇಷ್ಟು ಒದ್ದಾಡುವವನ ಮನಸ್ಸಿನಲ್ಲಿ ಬೇರೇನೋ ಇರಬೇಕು.'

ಈ ಹೊತ್ತಿಗೆ ಗ್ರಂಥಾಲಯದಲ್ಲೂ ಅದೇ ಅನುಮಾನ ಹಬ್ಬಿತ್ತು. ಹರಿದ ಪುಸ್ತಕ ಹೊಲಿಯುವ ಬೈಂಡರ್ ಅಣ್ಣ ಗೋಂದಿನ ಡಬ್ಬಿ ಹಿಡಿದುಕೊಂಡು ಮೂರು ಸಲ ಅವನ ಬೆನ್ನ ಹಿಂದೆ ಹಾದುಹೋದ. ಕೌಂಟರಿನ ಅಕ್ಕ ನೇರವಾಗಿ ಬಂದೇಬಿಟ್ಟಳು.

"ಯಾರ್ ಮೇಲೆ ಮೂಗರ್ಜಿ ಬರೀತಿದ್ದೀರಿ?"

"ಮೂಗರ್ಜಿ ಅಲ್ಲ ಅಕ್ಕ..."

"ಹಂಗಾದ್ರೆ ಬೇರೆ ಕೆಲಸ ಹುಡುಕ್ತಿದ್ದೀರಿ. ಪರದೆಗೆ ಅಷ್ಟು ಹತ್ರ ಯಾರೂ ಸುಮ್ನೆ ಕೂರಲ್ಲ."

ಚಹಾದ ವೇಳೆಗೆ ಗ್ರಂಥಪಾಲಕರು ಹೊರಗೆ ಬಂದರು. ಮುಖ ಏಕೋ ಕಾದ ತವೆಯಂತಿತ್ತು. "ಯಾಕಪ್ಪಾ ಸಪ್ಪಗಿದ್ದೀಯಾ?" ಎಂದು ಆದರೂ ಪ್ರೀತಿಯಿಂದಲೇ ಕೇಳಿದರು.

ಗುಮಾಸ್ತ ಹುಷಾರಾಗಿ ಮಾತು ಜೋಡಿಸಿದ. "ಒಂದು ಸಂಘ ಇದೆ ಸರ್. ಸಹಾಯ ಮಾಡೋಣ ಅಂತ ಹೋದ್ರೆ, ಹೊಸಬ ಅಂತ ಕಳ್ಳನ ಥರ ನೋಡ್ತಾರೆ."

"ಛೆ ಛೆ! ಎಂಥ ಜನರಪ್ಪ!" ಗ್ರಂಥಪಾಲಕರು ನಿಜವಾಗಿಯೂ ನೊಂದುಕೊಂಡರು. "ಹೊಸಬರನ್ನ ಹಂಗೆಲ್ಲ ನೋಯಿಸಬಾರದು. ಒಂದು ಕೆಲಸ ಮಾಡು. ಇಬ್ಬರು ಮರ್ಯಾದಸ್ಥರಿಂದ ನಿನ್ನ ಪರವಾಗಿ ಎರಡು ಮಾತು ಹೇಳಿಸು. ಎಂಥಾ ಕಲ್ಲಾದ್ರೂ ಕರಗತ್ತೆ."

ಗಂಟೆ ನಾಲ್ಕೂವರೆ. ಗುಮಾಸ್ತ ವಿಧಿಯಿಲ್ಲದೆ ಬೈಂಡರ್ ಅಣ್ಣನಿಗೂ ಕೌಂಟರಿನ ಅಕ್ಕನಿಗೂ ಗುಟ್ಟು ಬಿಟ್ಟುಕೊಟ್ಟ. ಮೂಗರ್ಜಿ ಅಲ್ಲವೆಂದು ಗೊತ್ತಾಗಿ ಇಬ್ಬರಿಗೂ ತುಸು ನಿರಾಸೆಯಾಯಿತು. ಆದರೂ ಒಬ್ಬರಾದ ಮೇಲೊಬ್ಬರು ಖಾತೆ ತೆರೆದು ಬರೆದರು.

ಬೈಂಡರ್ ಅಣ್ಣ: 'ಈತ ಬಹಳ ಒಳ್ಳೆಯವನು. ಇಸಕೊಂಡ ಗೋಂದನ್ನೂ ವಾಪಸು ಕೊಡುತ್ತಾನೆ.'

ಅಕ್ಕ: 'ಇವರನ್ನು ಹನ್ನೆರಡು ವರ್ಷದಿಂದ ಬಲ್ಲೆ. ಮೋಸ ಮಾಡುವಷ್ಟು ಚುರುಕಿಲ್ಲ.'

ಆಮೇಲೆ ಹದ್ದುಕಣ್ಣು ಬರೆದ:

'ಅಂದುಕೊಂಡೆ! ಮೂರೂ ಖಾತೆ ಬರುತ್ತಿರುವುದು ಒಂದೇ ಇಂಟರ್‌ನೆಟ್ ವಿಳಾಸದಿಂದ. ಒಬ್ಬನೇ ಮೂರು ವೇಷ ಕಟ್ಟಿದ್ದಾನೆ. ಆ ವಿಳಾಸದಿಂದ ಇನ್ನು ನರಪಿಳ್ಳೆಯೂ ಒಳಗೆ ಬರದಂತೆ ಬಾಗಿಲು ಹಾಕುತ್ತಿದ್ದೇನೆ.'

ಪರದೆ ಬೆಳ್ಳಗಾಯಿತು. ಗುಮಾಸ್ತನ ಮುಖವೂ.

ಅದೇ ಕ್ಷಣ ಗಾಜಿನ ಕೋಣೆಯಿಂದ ಒಂದು ಚೀತ್ಕಾರ ಕೇಳಿಸಿತು. ಹೊರಗೆ ಹೋಗಿ ಸೀನುವ ಮನುಷ್ಯ ಒಳಗೇ ಕಿರುಚಿದ್ದರು. ಓದುಗರೆಲ್ಲ ತಲೆಯೆತ್ತಿದರು. ಗ್ರಂಥಪಾಲಕರು ಕನ್ನಡಕ ಕೈಯಲ್ಲಿ ಹಿಡಿದುಕೊಂಡು ಓಡಿ ಬಂದರು.

"ಒಳಗೇ ಬಿಡ್ತಿಲ್ಲ ಕಣಯ್ಯಾ! ಏಳು ವರ್ಷದಿಂದ ಕಾದುಕೊಂಡು ಬಂದ ಜಾಗ! 'ಈ ವಿಳಾಸದವರಿಗೆ ಪ್ರವೇಶವಿಲ್ಲ, ದೂರು ಇದ್ದರೆ ಹದ್ದುಕಣ್ಣಿಗೆ ಬರೆಯಿರಿ' ಅಂತಿದೆ!"

"ಬ... ಬರೀರಿ ಸರ್," ಎಂದ ಗುಮಾಸ್ತ.

"ಯಾರಿಗಯ್ಯಾ ಬರೀಲಿ? ಹದ್ದುಕಣ್ಣು ನಾನೇ!"

ಬೈಂಡರ್ ಅಣ್ಣನ ಕೈಯಿಂದ ಗೋಂದಿನ ಡಬ್ಬಿ ಜಾರಿತು. ಇಡೀ ಗ್ರಂಥಾಲಯದ ಕಂಪ್ಯೂಟರುಗಳಿಗೆಲ್ಲ ಇದ್ದದ್ದು ಒಂದೇ ಇಂಟರ್‌ನೆಟ್ ವಿಳಾಸ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಏಳು ನಿಮಿಷ.

"ಸರ್, ನಿಮ್ಮ ಫೋನಿಂದ ಆದ್ರೂ ಬಾಗಿಲು ತೆಗೀರಿ. ಬೇಗ!"

"ಫೋನಿಂದ ಹೋದ್ರೆ ಅದು ಹೊಸ ವಿಳಾಸ." ಗ್ರಂಥಪಾಲಕರು ಕುರ್ಚಿಯಲ್ಲಿ ಕುಸಿದರು. "ಹೊಸ ವಿಳಾಸದಿಂದ ಯಾರೇ ಬಂದ್ರೂ ಮೂರು ದಿನ ನಂಬಬಾರದು ಅಂತ ನಿಯಮ ಇದೆ."

"ಯಾವ ಪುಣ್ಯಾತ್ಮ ಮಾಡಿದ್ದು ಆ ನಿಯಮಾನ?" ಎಂದಳು ಅಕ್ಕ.

ಗ್ರಂಥಪಾಲಕರು ಕನ್ನಡಕ ಹಾಕಿಕೊಂಡು ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡತೊಡಗಿದರು. ಅವರ ದೃಷ್ಟಿ ನೆಲದ ಮೇಲೆ ಹರಿಯುತ್ತಿದ್ದ ಗೋಂದಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತೇ ನಿಂತಿತು.

ಗಡಿಯಾರ ಐದು ಹೊಡೆಯಿತು. ಅರವತ್ತೆರಡು ಸಂದೇಶಗಳು ಹೊರಟುಹೋದವು. ಏಳನೇ ನಿಮಿಷಕ್ಕೆ ಗುಮಾಸ್ತನ ಫೋನು ಬಡಿದುಕೊಂಡಿತು.

"ಅಳಿಯಂದಿರೇ," ಎಂದರು ಅತ್ತೆ, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ಧ್ವನಿಯಲ್ಲಿ. "ಪುಸ್ತಕ ಸೋಮವಾರವೇ ಕೊಟ್ಟೆ ಅಂದ್ರಲ್ಲ?"

"ಕೊಟ್ಟೆ ಅತ್ತೆ, ಸತ್ಯವಾಗ್ಲೂ. ಅದು ಒಂದು ಚಿಹ್ನೆಯಿಂದ..."

"ಕತೆ ಬೇಡ. ಕೊಟ್ಟಿದ್ದು ನಿಜ ಅಂತ ಹೇಳೋಕೆ ಯಾರಾದ್ರೂ ಇಬ್ಬರು ಮರ್ಯಾದಸ್ಥರು ಇದ್ದಾರಾ?"

ಗುಮಾಸ್ತ ತಲೆಯೆತ್ತಿದ. ಬೈಂಡರ್ ಅಣ್ಣ ಬಗ್ಗಿ ಗೋಂದು ಒರೆಸತೊಡಗಿದ್ದ. ಅಕ್ಕನಿಗೆ ಕೌಂಟರಿನಲ್ಲಿ ಏನೋ ತುರ್ತು ಕೆಲಸ ನೆನಪಾಗಿತ್ತು. ಎದುರಿಗೆ ಉಳಿದವರು ಗ್ರಂಥಪಾಲಕರೊಬ್ಬರೇ. ಅವರು ನಿಧಾನವಾಗಿ ಮುಂದೆ ಬಾಗಿ, ಹತ್ತಿಯಂಥ ಧ್ವನಿಯಲ್ಲಿ ಕೇಳಿದರು:

"ಅಂದಹಾಗೆ, ಒಂದನೇ ಪುಸ್ತಕಹುಳು ಎಲ್ಲಪ್ಪಾ?"