ಹೊತ್ತು ಹುಟ್ಟುವುದರೊಳಗೆ ಇಟಗಿ

ನಾನು ಗಾಡಿ ಚಾಲೂ ಮಾಡಿದೆನೆಂದರೆ ಸಾಕು, ಮುಂದೆ ಯಾವುದೋ ಒಂದು ಊರಲ್ಲಿ ಒಂದು ತೆಂಗಿನಕಾಯಿ ನನ್ನ ದಾರಿ ಕಾಯುತ್ತ ಕೂತಿರುತ್ತದೆ. ಇದು ಶಿವನ ಇಚ್ಛೆಯೋ, ನನ್ನ ಮುಖದ ಗುಣವೋ ನನಗೆ ಗೊತ್ತಿಲ್ಲ. ಆಗುವುದಂತೂ ತಪ್ಪಿಲ್ಲ.

ಕುಷ್ಟಗಿಯ ಒಂದು ಓಣಿಯ ಗುಡಿಯಲ್ಲಿ ನಾನು ಪೂಜೆ ಮಾಡುವ ಅಯ್ಯ. ಅದರ ಜೊತೆಗೆ ಮನೆಶಾಂತಿ, ತೊಟ್ಟಿಲು, ಲಗ್ನ, ಎಲ್ಲಿಗೆ ಕರೆದರೂ ಹೋಗುತ್ತೇನೆ. ವಾರವೆಲ್ಲ ನಾನು ಊರವರ ಪಾಲು. ಭಾನುವಾರ ಮುಂಜಾನೆಯ ಮೂರು ತಾಸು ಮಾತ್ರ ನನ್ನ ಪಾಲು. ಸಂಕ್ರಾಂತಿ ಮುಗಿದು ಶಿವರಾತ್ರಿ ಬರುವ ತನಕ ನಮ್ಮ ಸೀಮೆಯ ಮುಂಜಾನೆಗಳನ್ನು ಶಿವ ಗಾಡಿ ಹೊಡೆಯುವವರಿಗೆಂದೇ ಮಾಡಿದ್ದಾನೆ. ಬೆರಳು ಸೆಟೆಯುವಷ್ಟು ಚಳಿ, ಎರಡೂ ಕಡೆ ಬಿಳಿಜೋಳದ ತೆನೆ, ಹಣ್ಣಾದ ಕಡಲೆ ಹೊಲದ ವಾಸನೆ. ಹತ್ತು ಗಂಟೆಗೆ ಬಿಸಿಲು ಚುರ್ ಅನ್ನುವುದರೊಳಗೆ ಮನೆ.

ನಮ್ಮದು ನಾಲ್ಕು ಮೋಟಾರ್ ಸೈಕಲ್ಲಿನ ಗುಂಪು. ಮುಂದಿನ ಗಾಡಿ ಪಿ.ಟಿ. ಮಾಸ್ತರರದು. ಕೊರಳಲ್ಲಿ ಸೀಟಿ ಇಲ್ಲದೆ ಅವರನ್ನು ನಾನು ಲಗ್ನದಲ್ಲಿ ಕೂಡ ಕಂಡಿಲ್ಲ. ಎರಡನೆಯದು ಔಷಧಿ ಅಂಗಡಿಯ ಸಾಹುಕಾರರದು, ಮೂರನೆಯದು ಗ್ಯಾರೇಜಿನ ಮಿಸ್ತ್ರಿಯದು. ಕೊನೆಯದು ನನ್ನದು. ಅದರ ವಯಸ್ಸು ಕೇಳಬಾರದು.

"ಇಟಗಿ ಮಹಾದೇವನ ಗುಡಿ ಮ್ಯಾಲ ಮೊದಲನೇ ಬಿಸಲು ಬೀಳೂದ ನೋಡಬೇಕ್ರಿ," ಎಂದು ಮಾಸ್ತರರು ಈ ಸಲ ಸಂಕ್ರಾಂತಿ ಮುಗಿದ ಮೇಲೆ ಹೇಳಿದಾಗ ನನಗೆ ರೋಮಾಂಚನವಾಯಿತು. ಯಲಬುರ್ಗಾ ದಾಟಿ, ಕುಕನೂರು ದಾಟಿದರೆ ಇಟಗಿ. ಒಂದೂವರೆ ತಾಸಿನ ದಾರಿ. ಆ ಒಂದೂವರೆ ತಾಸಿನ ದಾರಿಯನ್ನು ಮುಗಿಸಲಿಕ್ಕೆ ನಮಗೆ ನಾಲ್ಕು ಭಾನುವಾರ ಹಿಡಿದವು. ಅದಕ್ಕೆ ಕಾರಣ ನಾನು.

೧. ಸೀಟಿ

ಮೊದಲನೆಯ ಭಾನುವಾರ. ಕುಷ್ಟಗಿ ಬಿಟ್ಟು ಇಪ್ಪತ್ತು ನಿಮಿಷ ಆಗಿತ್ತೋ ಇಲ್ಲವೋ, ಒಬ್ಬ ರೈತ ಎರಡೂ ಕೈ ಚಾಚಿ ರಸ್ತೆಯ ನಡುವೆ ನಿಂತ. ಹೊಲದಲ್ಲಿ ಬೋರ್ ಲಾರಿ ನಿಂತಿತ್ತು.

"ಅಯ್ಯಾರ, ಶಿವನ ಕಳಿಸ್ಯಾನ ನಿಮ್ಮನ್ನ! ನಮ್ಮೂರ ಅಯ್ಯಾರಿಗೆ ನೆಗಡಿ ಆಗೇತಿ. ಪೂಜಿ ಇಲ್ಲದ ಭೂಮಿಗೆ ತೂತು ಹೊಡಿಬಾರದಂತ ಮನಿಯಾಕಿ ಹಟ ಹಿಡದಾಳ. ಐದ ನಿಮಿಷ್ರಿ."

ಶಿವನ ಹೆಸರು ಬಂದ ಮೇಲೆ ನಾನು ಇಲ್ಲ ಅನ್ನುವುದು ಹೇಗೆ? ಅರಿಷಿಣ, ಕುಂಕುಮ, ಕಾಯಿ, ಕರ್ಪೂರ ಎಲ್ಲ ಇದ್ದವು. ಗಂಟೆ ಮಾತ್ರ ಅವರ ಮನೆಯಲ್ಲೇ ಉಳಿದಿತ್ತು.

"ಗಂಟಿ ಇಲ್ಲದ ಎಂಥಾ ಮಂಗಳಾರತಿ?" ಎಂದು ರೈತನ ಹೆಂಡತಿ ಮುಖ ಸಣ್ಣದು ಮಾಡಿಕೊಂಡಳು.

ನಾನು ಮಾಸ್ತರರ ಕೊರಳಿನ ಕಡೆ ನೋಡಿದೆ.

"ಬ್ಯಾಡ್ರಿ ಅಯ್ಯಾರ," ಅಂದರು ಮಾಸ್ತರರು. "ಇದು ಸರಕಾರಿ ಸೀಟಿ."

"ದೇವರಿಗೆ ನಾದ ಮುಖ್ಯ ಮಾಸ್ತರ. ಊದ್ರಿ."

ಮೊದಲು ನಾಚಿಕೆಯಿಂದ ಸಣ್ಣಗೆ ಊದಿದರು. ಆರತಿ ಎರಡನೆಯ ಸುತ್ತಿಗೆ ಬರುವುದರೊಳಗೆ ಅವರ ಮೈಯಲ್ಲಿ ಕವಾಯತು ಹೊಕ್ಕಿತು. ಎಂಥ ಊದು ಊದಿದರೆಂದರೆ ಬೋರ್ ಲಾರಿಯ ಹುಡುಗರು ತಾವಾಗಿಯೇ ಸಾಲಾಗಿ ನಿಂತರು. ಡ್ರೈವರ್ ಮಾತ್ರ ಅದನ್ನು ಕೆಲಸ ಶುರು ಮಾಡುವ ಸನ್ನೆ ಎಂದು ತಿಳಿದು ಯಂತ್ರ ಇಳಿಸಿಯೇ ಬಿಟ್ಟ. ಕರ್ಪೂರ, ಧೂಳು, ಸೀಟಿ, ನಾವು ಎಲ್ಲ ಒಂದಾದೆವು. ಉಪ್ಪಿಟ್ಟು ತಿಂದು ಏಳುವಷ್ಟರಲ್ಲಿ ಹೊತ್ತು ಎರಡಾಳು ಮೇಲೆ ಬಂದಿತ್ತು. ಮನೆಗೆ ತಿರುಗಿದೆವು.

ಸಂಜೆಗೆ ರೈತನ ಫೋನು. "ಅಯ್ಯಾರ, ಗಂಗವ್ವ ಬಂದ್ಲು! ಭಾಳ ನೀರ್ರಿ! ನಮ್ಮ ಅಣ್ಣನೂ ಬೋರ್ ಹೊಡಸಾಂವ ಅದಾನ. ನೀವು ಬರ್ರಿ, ಬಿಡ್ರಿ, ಅದು ನಿಮ್ಮ ಅನುಕೂಲ. ಆ ಸೀಟಿ ಊದೂ ಸ್ವಾಮ್ಯಾರನ್ನ ಮಾತ್ರ ತಪ್ಪದ ಕಳಿಸ್ರಿ."

೨. ಬಲಗೈ

ಎರಡನೆಯ ಭಾನುವಾರಕ್ಕೆ ಮಾಸ್ತರರು ಕಟ್ಟಪ್ಪಣೆ ಮಾಡಿದರು. ಧೋತರ ಬೇಡ, ಪ್ಯಾಂಟು. ಶಲ್ಯ ಬೇಡ, ಜಾಕೀಟು. ಮುಖವೆಲ್ಲ ಮುಚ್ಚುವ, ಕರಿ ಗಾಜಿನ ಹೆಲ್ಮೆಟ್ಟು. ವಿಭೂತಿಯನ್ನು ನಾನು ಬಿಡಲಿಲ್ಲ. ಒಳಗಿದ್ದರೆ ಯಾರಿಗೆ ಕಾಣುತ್ತದೆ ಎಂದು ಅದಕ್ಕೆ ಒಪ್ಪಿದರು.

ನನ್ನ ಮುಖ ಮುಚ್ಚಿದರು. ಕೈ ಮುಚ್ಚುವುದು ಮರೆತರು. ಮೂವತ್ತು ವರ್ಷದ ರೂಢಿ: ಎದುರಿಗೆ ಯಾರಾದರೂ ಕೈ ಜೋಡಿಸಿದರೆ ನನ್ನ ಬಲಗೈ ತಾನೇ ಮೇಲೆದ್ದು ಆಶೀರ್ವಾದ ಮಾಡುತ್ತದೆ. ಕಷ್ಟವೇನೆಂದರೆ, ಆಶೀರ್ವಾದದ ಕೈಯೂ ಬಲಗೈ, ಗಾಡಿಗೆ ಎಕ್ಸಲೇಟರ್ ಕೊಡುವ ಕೈಯೂ ಬಲಗೈ. ನಾನು ಹರಸಿದಾಗಲೆಲ್ಲ ಗಾಡಿ ನಿಧಾನ ಆಗುತ್ತದೆ.

ಯಲಬುರ್ಗಾದ ಈಚೆ ರಸ್ತೆ ಬದಿಗೆ ಒಬ್ಬಾತ ಕೈ ಜೋಡಿಸಿದ. ನನ್ನ ಕೈ ಎದ್ದಿತು, ಗಾಡಿ ನಿಧಾನವಾಯಿತು, ಆತ ಹಾರಿ ಹಿಂದೆ ಕುಳಿತ.

"ಏನಪಾ?" ಎಂದೆ.

"ನಾ ಕೈ ಮುಗದ್ನಿ, ನೀವು ಹತ್ತು ಅಂತ ಕೈ ಮಾಡಿದ್ರಿ. ಪುಣ್ಯಾ ಬರತೈತಿ ನಡೀರಿ. ಭಾಳ ಅರ್ಜಂಟ್ ಐತಿ."

"ಎಲ್ಲಿಗೆ ಹೊಂಟಿ?"

"ಅಯ್ಯಾರನ್ನ ಹುಡಕಾಕ್ರಿ. ಇವತ್ತ ನಮ್ಮ ಹೊಸಾ ಮನಿ ಶಾಂತಿ. ಊರ ಅಯ್ಯಾರು ಐದಕ್ಕ ಬರ್ತೀನಿ ಅಂದವ್ರು ಇನ್ನೂ ಬಂದಿಲ್ಲ. ಈ ಅಯ್ಯಾಗೋಳ ಬಾಳೇವು ಹಿಂಗ ನೋಡ್ರಿ, ಬೇಕಾದಾಗ ಒಬ್ಬಾಂವ ಸಿಗಂಗಿಲ್ಲ!"

ಪಕ್ಕದ ಗಾಡಿಯಿಂದ ಮಾಸ್ತರರು ಹೆಲ್ಮೆಟ್ಟಿನ ಮೇಲೆ ಬೆರಳಿಟ್ಟು, ಬಾಯಿ ಬಿಡಬೇಡಿ ಎಂದು ಸನ್ನೆ ಮಾಡಿದರು. ನಾನು ಬಾಯಿ ಬಿಡಲಿಲ್ಲ. ಎರಡು ಮೈಲು ಬಿಡಲಿಲ್ಲ. ಆತ ಬೆನ್ನ ಹಿಂದೆ ಕುಳಿತು ನಮ್ಮ ಕುಲದ ಏಳು ತಲೆಮಾರನ್ನು ಒಂದೊಂದಾಗಿ ತೊಳೆದ. ಅದನ್ನು ಸಹಿಸಿದೆ. ಕೊನೆಗೆ, "ಒಳಗ ದೇವರ ಮುಂದ ದೀಪ ಹಚ್ಚಿ ನಮ್ಮವ್ವ ಉಪವಾಸ ಕುಂತಾಳ್ರಿ," ಎಂದ. ಅದನ್ನು ಸಹಿಸಲಿಕ್ಕೆ ಆಗಲಿಲ್ಲ. ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದೆ.

ಹಣೆಯ ವಿಭೂತಿ ನೋಡಿ ಆತ ರಸ್ತೆಯ ಮೇಲೆಯೇ ಅಡ್ಡಬಿದ್ದ. ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಮೈಲುಗಲ್ಲಿನ ಮೇಲೆ ಕುಳಿತರು.

ಮನೆಶಾಂತಿ ಚೆಂದ ಆಯಿತು. ನಡುವೆ ಆತ ಬಾಗಿಲಿನಿಂದ ಓಡಿ ಬಂದು ನನ್ನ ಕಿವಿಯಲ್ಲಿ ಉಸಿರಿದ:

"ಅಯ್ಯಾರ, ತಪ್ಪ ತಿಳಕೋಬ್ಯಾಡ್ರಿ. ನಮ್ಮೂರ ಅಯ್ಯಾರು ಈಗ ಬರಾಕತ್ಯಾರ. ಬ್ಯಾರೇ ಅಯ್ಯಾರನ್ನ ಕೂಡಿಸೀನಿ ಅಂತ ತಿಳದ್ರ ಮುಂದ ನಮ್ಮ ಮಗಳ ಲಗ್ನಕ್ಕ ಬರಂಗಿಲ್ಲ. ಸ್ವಲ್ಪ ಆ ಹೆಲ್ಮೆಟ್ ಹಾಕ್ಕೊಂಡ ಮಂತ್ರ ಹೇಳ್ರಿ."

೩. ಬೂಟು

"ಇಟಗಿ ದಿಕ್ಕ ಅಯ್ಯಾರಿಗೆ ಕೂಡಿ ಬರವಲ್ದು. ಗಂಗಾವತಿ ಕಡೆ ಹೋಗೂಣು, ಅಲ್ಲಿ ಇವರ ಗುರುತು ಯಾರಿಗೂ ಇಲ್ಲ," ಎಂದರು ಸಾಹುಕಾರರು. ಚಳಿಗೆ ನನ್ನ ಕಾಲು ಜೋಮು ಹಿಡಿಯುತ್ತವೆಂದು, ಗದ್ದೆಯ ಕೆಲಸದವರು ಹಾಕುವ ಮೊಣಕಾಲುದ್ದದ ರಬ್ಬರ್ ಬೂಟನ್ನೂ ಅವರೇ ತಂದುಕೊಟ್ಟರು.

ಕಾಲುವೆ ದಂಡೆಯಲ್ಲಿ ಚಹಾ ಕುಡಿಯಲಿಕ್ಕೆ ಹೆಲ್ಮೆಟ್ ತೆಗೆದದ್ದೇ ತಪ್ಪಾಯಿತು. ಎದುರು ಮನೆಯ ಮುದುಕಿ, ತೆಲುಗು ನಾಡಿನಿಂದ ಬಂದು ನೆಲೆಸಿದ ಮನೆತನದವಳು, ವಿಭೂತಿ ಕಂಡಳು. "ಸ್ವಾಮಿ, ಮನಿ ಬಾಗಲಿಗೆ ಬಂದೀರಿ!" ಎನ್ನುತ್ತ ತುಂಬಿದ ಕೊಡ ತಂದಳು. ಪಾದ ತೊಳೆಯುವುದು ಆಕೆಯ ಆಸೆ. ಬೂಟು ಮಾತ್ರ ಬರಲೊಲ್ಲದು. ಮಿಸ್ತ್ರಿ ಒಂದನ್ನು ಹಿಡಿದು ಜಗ್ಗಿದ, ಸಾಹುಕಾರರು ನನ್ನನ್ನು ಹಿಡಿದು ಜಗ್ಗಿದರು. ಬೂಟು ಅಲ್ಲೇ, ನಾನು ಉದ್ದವಾದೆ.

"ಇರಲಿ ಬಿಡ್ರಿ, ಭಕ್ತಿಗೆ ಬೂಟು ಅಡ್ಡ ಬರತೈತೇನು?" ಎಂದು ಆಕೆ ಕೊಡವನ್ನು ಬೂಟಿನ ಬಾಯಿಗೇ ಬಗ್ಗಿಸಿದಳು. ಚಳಿಗಾಲದ ಕಾಲುವೆ ನೀರು. ಎರಡೂ ಬೂಟು ತುಂಬಿದವು. ನಾನು ಶಿವನಾಮ ಅಷ್ಟು ಜೋರಾಗಿ ಹಿಂದೆಂದೂ ಹೇಳಿರಲಿಲ್ಲ.

ಆಕೆ ಕಣ್ಣೊರಸಿಕೊಂಡು ಅಂದಳು: "ನೋಡ್ರಿ, ಸ್ವಾಮ್ಯಾರಿಗೆ ಎಷ್ಟ ಆನಂದ ಆಗೇತಿ!"

೪. ಇಟಗಿ

ಶಿವರಾತ್ರಿಗೆ ಮುಂಚಿನ ಕೊನೆಯ ಭಾನುವಾರ ಬಂತು. ಹಿಂದಿನ ದಿನ ಮಾಸ್ತರರು ಗುಡಿಗೇ ಬಂದರು. ಪ್ರಸಾದ ಕಣ್ಣಿಗೊತ್ತಿಕೊಂಡು ಹೇಳಿದರು:

"ಅಯ್ಯಾರ, ನಿಷ್ಠುರ ಮಾತು. ನಾಳೆ ಹೊತ್ತು ಹುಟ್ಟೂದರಾಗ ಯಾರು ಇಟಗಿ ಮುಟ್ಟಂಗಿಲ್ಲ, ಅವರು ಗುಂಪಿನಾಗ ಇಲ್ಲ. ನಾ ಯಾರ ಹೆಸರೂ ಹೇಳಂಗಿಲ್ಲ."

ಹೆಸರು ಹೇಳುವ ಅಗತ್ಯವೂ ಇರಲಿಲ್ಲ. ಅವರು ಹೋದ ಮೇಲೆ ನಾನು ಗರ್ಭಗುಡಿಯ ಮುಂದೆ ಬಹಳ ಹೊತ್ತು ಕುಳಿತೆ. ಐವತ್ತು ದಾಟಿದವನು ಇಂಥದ್ದನ್ನು ದೇವರಲ್ಲಿ ಕೇಳಬಾರದು. ಆದರೂ ಕೇಳಿದೆ. "ತಂದೆ, ವಾರಕ್ಕ ಆರು ದಿನ ನಿನ್ನ ಮಂದಿಗೆ ಕೊಟ್ಟೇನಿ. ಈ ಮೂರು ತಾಸು ನನ್ನ ಕೈಯಿಂದ ಕಸೀಬ್ಯಾಡ."

ನಸುಕಿನಲ್ಲಿ ಹೊರಟೆವು. ಮಂಜು ಹೊಲದ ಮೇಲೆ ಹಾಸಿತ್ತು. ನನ್ನಾಕೆ ಹೆಲ್ಮೆಟ್ಟಿನ ಒಳಗೆ ಮಂಕಿ ಟೋಪಿ, ಹೊರಗೆ ಕಂಬಳಿ ಸುತ್ತಿ, ನನ್ನನ್ನು ನಾನೇ ಗುರುತು ಹಿಡಿಯದಂತೆ ಮಾಡಿ ಕಳಿಸಿದ್ದಳು. ಕೈ ಜೋಡಿಸಿದವರನ್ನು ಮನಸ್ಸಿನಲ್ಲೇ ಹರಸಿದೆ. ಬಲಗೈ ಅಲ್ಲಾಡಲಿಲ್ಲ.

ಯಲಬುರ್ಗಾ ಇನ್ನೂ ಮುಂದಿತ್ತು. ರಸ್ತೆ ಬದಿಗೆ ಒಂದು ಹಾಲಿನ ಗಾಡಿ ಮೂತಿ ತೆರೆದು ನಿಂತಿತ್ತು. ಡ್ರೈವರ್ ನಮ್ಮ ಬೆಳಕು ಕಂಡು, "ಏ ಮಿಸ್ತ್ರೀ! ನಿನ್ನ ಗಾಡಿ ಸಪ್ಪಳ ಕೇಳೇ ಗುರ್ತ ಹಿಡದ್ನಿ! ಹಾಲ ಒಡದ ಹೋಕ್ಕಾವೋ ಮಾರಾಯಾ!" ಎಂದು ಕೂಗಿದ.

"ಐದ ನಿಮಿಷ. ನೀವು ಮುಂದ ನಡೀರಿ," ಎಂದ ಮಿಸ್ತ್ರಿ.

ಕುಕನೂರಿನ ಹತ್ತಿರ ಒಬ್ಬ ಅಜ್ಜಿ ಸಾಹುಕಾರರ ಗಾಡಿಗೆ ಅಡ್ಡ ನಿಂತಳು. ಸೆರಗಿನ ಗಂಟು ಬಿಚ್ಚಿ ರಸ್ತೆ ಬದಿಯ ಕಟ್ಟೆಯ ಮೇಲೆ ಗುಳಿಗೆಗಳನ್ನು ಹರವಿದಳು. ಕೆಂಪು, ಬಿಳಿ, ಹಳದಿ.

"ಸಾಹುಕಾರ್ರ, ಇವೆಲ್ಲಾ ನಿಮ್ಮ ಅಂಗಡ್ಯಾವು. ಯಾವುದು ಊಟಕ್ಕ ಮೊದಲ, ಯಾವುದು ಆಮ್ಯಾಲ? ಮೂರ ದಿನದಿಂದ ಎಲ್ಲಾ ಕೂಡಸೇ ನುಂಗಾಕತ್ತೀನಿ."

ಸಾಹುಕಾರರ ಮುಖ ಬಿಳಿಚಿತು. ಗಾಡಿಯಿಂದ ಇಳಿದೇಬಿಟ್ಟರು.

ಉಳಿದವರು ಮಾಸ್ತರರು ಮತ್ತು ನಾನು. ಮೂಡಣ ಆಗಲೇ ಕೆಂಪಾಗುತ್ತಿತ್ತು. ಮಾಸ್ತರರು ಪಕ್ಕಕ್ಕೆ ಬಂದು ನಕ್ಕರು. "ನಿಮಗಿನ್ನೂ ಯಾರೂ ಸಿಕ್ಕಿಲ್ಲೇನ್ರಿ ಅಯ್ಯಾರ?"

ಆ ಮಾತು ಮುಗಿಯುವುದರೊಳಗೆ ಎದುರಿಗೆ ಹತ್ತು ಹನ್ನೆರಡು ಹುಡುಗರು ಓಡುತ್ತ ಬಂದರು. ಪೊಲೀಸ್ ಭರ್ತಿಗೆ ತಯಾರಿ ಮಾಡುವವರು. ಮಾಸ್ತರರು ಮೊದಲು ಆ ಕಡೆಯ ಸಾಲೆಯಲ್ಲಿದ್ದಾಗ ಅವರ ಕೈಯಲ್ಲಿ ಕಲಿತವರು.

"ಸರ್ ಬಂದ್ರು! ಸರ್, ನಮ್ಮ ಓಟದ ಟೈಮ್ ನೋಡ್ರಿ ಸರ್! ನಮಗ ಸೀಟಿ ಊದವರ ಇಲ್ಲ ಸರ್!"

ಮಾಸ್ತರರು ನನ್ನ ಕಡೆ ನೋಡಿದರು, ಮೂಡಣದ ಕಡೆ ನೋಡಿದರು. ಹುಡುಗರು ಸಾಲಾಗಿ ನಿಂತು ಒಂದು ಕಾಲು ಮುಂದಿಟ್ಟೇಬಿಟ್ಟರು. ಕೈ ತಾನಾಗಿಯೇ ಕೊರಳಿಗೆ ಹೋಯಿತು. ಪಾಪ, ಅವರದೂ ನನ್ನಂಥದೇ ಕೈ.

"ಒಂದ ಸುತ್ತು," ಅಂದರು. "ನೀವು ನಿಧಾನಕ್ಕ ನಡೀರಿ, ಹಿಂದ ಬಂದ ಹಿಡಿತೀನಿ." ನಾನು ತಿರುವು ದಾಟಿ ಹೋದ ಮೇಲೂ ಆ ಸೀಟಿ ಕೇಳುತ್ತಲೇ ಇತ್ತು.

ಇಟಗಿ ಮುಟ್ಟಿದಾಗ ಕಾವಲುಗಾರ ಅಂಗಳ ಗುಡಿಸುತ್ತಿದ್ದ. ಗಾಡಿ ನಿಲ್ಲಿಸಿ, ಬರಿಗಾಲಲ್ಲಿ ತಂಪು ಹಾಸುಗಲ್ಲಿನ ಮೇಲೆ ನಿಂತೆ. ಹೊಲದ ಅಂಚಿನಿಂದ ಹೊತ್ತು ಮೇಲೆದ್ದಿತು. ಮೊದಲು ಗೋಪುರದ ತುದಿ, ಆಮೇಲೆ ಬಳ್ಳಿ ಕೆತ್ತನೆ, ಆಮೇಲೆ ಕಂಬಗಳು. ಕರಿಗಲ್ಲು ಕಣ್ಣೆದುರೇ ಜೇನಿನ ಬಣ್ಣಕ್ಕೆ ತಿರುಗಿತು. ಬಾಯಲ್ಲಿ ಯಾವ ಮಂತ್ರವೂ ಬರಲಿಲ್ಲ. ಯಾರೂ ಕರೆಯದೆ, ಯಾರಿಗಾಗಿಯೂ ಅಲ್ಲದೆ, ನನ್ನಷ್ಟಕ್ಕೆ ನಾನೇ ಮಹಾದೇವನಿಗೆ ಕೈ ಮುಗಿದು ಎಷ್ಟು ವರ್ಷವಾಗಿತ್ತೋ! ಕಾವಲುಗಾರ, "ಬಿಸಿಲಿಗೆ ಕಣ್ಣಾಗ ನೀರ ಬಂತೇನ್ರಿ?" ಎಂದು ಕೇಳಿದ. ಹೌದು ಎಂದೆ.

ಎಂಟೂವರೆಗೆ ಮೂರು ಗಾಡಿಗಳು ಬಂದವು. ಮಿಸ್ತ್ರಿಯ ಮೈಯೆಲ್ಲ ಎಣ್ಣೆ. ಸಾಹುಕಾರರ ಕೈಯಲ್ಲಿ ಅಜ್ಜಿ ಕೊಟ್ಟ ಶೇಂಗಾ ಚೀಲ. ಮಾಸ್ತರರ ಧ್ವನಿ ಕೂತು ಹೋಗಿತ್ತು. ನಾನು ಗುಡಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತಿದ್ದೆ.

"ಹೊತ್ತು ಹುಟ್ಟೂದರಾಗ ಮುಟ್ಟದವರು ಗುಂಪಿನಾಗ ಇಲ್ಲ ಅಂತ ಯಾರೋ ಅಂದಿದ್ರು," ಎಂದೆ. "ನಾ ಯಾರ ಹೆಸರೂ ಹೇಳಂಗಿಲ್ಲ. ಆದ್ರ ಈಗ ಗುಂಪಿನಾಗ ನಾ ಒಬ್ಬನ ಉಳದೇನಿ."

ಮಿಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಹುಕಾರರು, "ಮುಂದ ಹೆಂಗ್ರಿ ಅಯ್ಯಾರ?" ಎಂದರು.

"ಅರ್ಜಿ ಕೊಡ್ರಿ. ವಿಚಾರ ಮಾಡೂಣು."

ಸಾಹುಕಾರರ ಜೇಬಿನಲ್ಲಿ ಔಷಧಿ ಚೀಟಿಯ ಪುಸ್ತಕ ಇತ್ತು. ಮಾಸ್ತರರು ಒಂದು ಹಾಳೆ ಹರಿದು, ಮೆಟ್ಟಿಲ ಮೇಲೆ ಇಟ್ಟು, ನಿಷ್ಠೆಯಿಂದ ಬರೆದು ಎರಡೂ ಕೈಯಿಂದ ಕೊಟ್ಟರು. ಇಪ್ಪತ್ತು ವರ್ಷ ಹುಡುಗರ ರಜಾ ಅರ್ಜಿ ಓದಿದವರ ಕೈ. ಬೇರೆ ಏನು ಬರೆದೀತು? 'ಮಾನ್ಯರೇ, ನನಗೆ ಜ್ವರ ಬಂದಿದ್ದರಿಂದ ಸೂರ್ಯೋದಯಕ್ಕೆ ಹಾಜರಾಗಲು ಆಗಲಿಲ್ಲ. ದಯವಿಟ್ಟು ಕ್ಷಮಿಸಬೇಕು. ತಮ್ಮ ವಿಧೇಯ ವಿದ್ಯಾರ್ಥಿ.'

ನಾನು ಎರಡು ಸಲ ಓದಿ, ಮಡಚಿ, ವಾಪಸು ಕೊಟ್ಟೆ.

"ಅಕ್ಷರ ಛಲೋ ಅದಾವು ಮಾಸ್ತರ. ಆದ್ರ ಪಾಲಕರ ಸಹಿ ಇಲ್ಲ. ನಾಳೆ ಮನಿಯವರನ್ನ ಕರಕೊಂಡ ಬರ್ರಿ."